ಮಗ ಫಾರಿನ್‌ಗೆ, ಕಾರು ಅಪ್ಪನಿಗೆ, ಹೆಸರು ಯಾರದು?

"ಓನರ್ ಫಾರಿನ್‌ಗೆ ಹೊರಟಿದ್ದಾರೆ ಸಾರ್, ಅರ್ಜೆಂಟ್ ಸೇಲು. ಸಿಂಗಲ್ ಹ್ಯಾಂಡ್ ಗಾಡಿ. ದೇವಸ್ಥಾನಕ್ಕೆ ಬಿಟ್ರೆ ಎಲ್ಲಿಗೂ ಹೋಗಿಲ್ಲ."

ದಕ್ಷಿಣ ಬೆಂಗಳೂರಿನಲ್ಲಿ ಹಳೇ ಕಾರು ಹುಡುಕಿಕೊಂಡು ಹೊರಟವರ ಕಿವಿಗೆ ಈ ಮಾತು ಬೀಳದೆ ಇರದು. ಎಷ್ಟೋ ಸಲ ಅದು ನಿಜವೂ ಹೌದು. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಬೀದಿಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳು ಒಂದೆರಡಲ್ಲ.

ಇದೇ ಬೀದಿಗಳಲ್ಲಿ ಇದರ ಇನ್ನೊಂದು ಮುಖವೂ ಉಂಟು. ವೀಸಾ ಕೈಗೆ ಬಂದ ಮಗ, ವಿಮಾನ ಹತ್ತುವ ಮುಂಚೆ ಅಪ್ಪ-ಅಮ್ಮನಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಮಾಡಿಕೊಟ್ಟು ಹೋಗಬೇಕೆಂದು ಓಡಾಡುತ್ತಾನೆ. ಅಮ್ಮನಿಗೆ ಮಂಡಿ ನೋವು. ಅಪ್ಪ ಆಗಾಗ ಜಯದೇವ ಆಸ್ಪತ್ರೆಗೆ ತೋರಿಸಿಕೊಳ್ಳಬೇಕು. "ಬಸ್ ಹತ್ತೋಕೆ ಆಗಲ್ಲ ಕಣೋ, ಕರೆದ ಕಡೆಗೆ ಆಟೋದವರು ಬರಲ್ಲ" ಎಂಬುದು ದಿನಾ ಕೇಳುವ ಮಾತು. ಕೈಲಿರುವುದು ಮೂರೇ ವಾರ. ಬಣ್ಣ, ಮೈಲೇಜು, ರೇಟು ಎಂದು ಎರಡು ವಾರ ಕಳೆಯುತ್ತದೆ. ಕೊನೆಗೆ ಮುಖ್ಯವಾದುದೇ ಮರೆತುಹೋಗುತ್ತದೆ. ಅದು ಆರ್.ಸಿ.ಯಲ್ಲಿರುವ ಹೆಸರು.

ಹೆಸರಿದ್ದವರೇ ಒಡೆಯರು

ಇದು ಬರೀ ಕಾಗದದ ರಗಳೆಯಲ್ಲ. 2009ರ ಮೇ ತಿಂಗಳಲ್ಲಿ ಉತ್ತರ ಭಾರತದ ಬೀದಿಯೊಂದರಲ್ಲಿ ರಿವರ್ಸ್ ಬರುತ್ತಿದ್ದ ಕಾರು, ನಡೆದುಹೋಗುತ್ತಿದ್ದ ಇಬ್ಬರಿಗೆ ಬಡಿಯಿತು. ಒಬ್ಬರು ಪ್ರಾಣ ಕಳೆದುಕೊಂಡರು. ಕಾರಿನ ಮಾಲೀಕರು ಅದನ್ನು 2007ರಲ್ಲೇ ಮಾರಿಬಿಟ್ಟಿದ್ದರು. ಆಮೇಲೆ ಅದು ಇನ್ನೂ ಹಲವರ ಕೈ ದಾಟಿತ್ತು. ಆದರೆ ಆರ್.ಸಿ.ಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು.

ಪರಿಹಾರ ಕೊಡುವವರು ಯಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಫೆಬ್ರವರಿಯಲ್ಲಿ ತೀರ್ಪು ಬಂತು. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ. ಕಾರು ಎಷ್ಟು ಕೈ ದಾಟಿದೆ ಎಂದು ಹುಡುಕಿಕೊಂಡು ಹೋಗುವುದು ನೊಂದವರ ಕೆಲಸವಲ್ಲ.

ಹಳೇ ಕಾರು ಮಾರಿ ಪರದೇಶಕ್ಕೆ ಹೊರಟವರು ಈ ತೀರ್ಪನ್ನು ನೆನಪಿಡಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು ಕಾನೂನಿದೆ. ಡೀಲರಿಗೆ ಕೊಟ್ಟರೆ ಆತ ಅಧಿಕೃತ ಡೀಲರ್ ಹೌದೋ ಅಲ್ಲವೋ ಎಂದು ಕೇಳಬೇಕು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದ್ದನ್ನು ದಾಖಲಿಸಿದರೆ, ಅಲ್ಲಿಂದ ಮುಂದೆ ಹೊಣೆ ಆ ಡೀಲರನದು.

ಮಗನ ಹೆಸರೋ, ಅಪ್ಪನ ಹೆಸರೋ?

ಇನ್ನು ಕೊಳ್ಳುವವರ ಮಾತು. ದುಡ್ಡು ಕೊಡುವವನು ಮಗ, ಆದ್ದರಿಂದ ಆರ್.ಸಿ. ಮಗನ ಹೆಸರಿಗೇ ಆಗಲಿ ಎಂಬುದು ಎಷ್ಟೋ ಮನೆಗಳ ಲೆಕ್ಕ. ಎಡವಟ್ಟಾಗುವುದು ಇಲ್ಲೇ. ಮುಂದೆ ಕಾರು ಮಾರಬೇಕೆಂದರೆ ಮಗನ ಸಹಿ ಬೇಕು. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಓ.ಟಿ.ಪಿ. ಹೋಗುವುದು ಆತನ ಇಲ್ಲಿನ ಮೊಬೈಲಿಗೆ. ಆ ನಂಬರು ಬಂದ್ ಆಗಿ ವರ್ಷವಾಗಿರುತ್ತದೆ. ಕಾರು ಮನೆ ಮುಂದೆ ಧೂಳು ಕುಡಿಯುತ್ತಾ ನಿಲ್ಲುತ್ತದೆ.

ಊರಲ್ಲಿ ಉಳಿದು ಗಾಡಿ ಓಡಿಸುವವರು ಯಾರೋ, ಆರ್.ಸಿ. ಅವರ ಹೆಸರಿಗೆ ಆಗುವುದು ಒಳ್ಳೆಯದು. ಮೊಬೈಲ್ ನಂಬರೂ ಅವರದೇ ಇರಲಿ. ಇನ್ಶೂರೆನ್ಸನ್ನೂ 14 ದಿನದೊಳಗೆ ಅದೇ ಹೆಸರಿಗೆ ಬದಲಿಸಿಕೊಳ್ಳಬೇಕು. ಎದುರಿನವರಿಗೆ ಆದ ಹಾನಿಯ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ. ಸ್ವಂತ ಗಾಡಿಗೆ ಆದ ಹಾನಿಯದು ಹಾಗಲ್ಲ, ಹೆಸರು ಬದಲಾಗದಿದ್ದರೆ ಕ್ಲೇಮು ಕೈಗೆ ಬರುವುದು ಕಷ್ಟ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರದೇ. ಅದು ಕೊಂಡವರಿಗೆ ಸಿಗದು.

ಅಪ್ಪನ ಡಿ.ಎಲ್. ಒಮ್ಮೆ ತೆಗೆದು ನೋಡುವುದೂ ಅಗತ್ಯ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟು ಕೊಡಬೇಕು. ಕಾರು ಬಂದ ಮೇಲೆ ಇದು ಗೊತ್ತಾದರೆ ಫಲವೇನು?

ಬೆಳ್ಳಗಿರುವುದೆಲ್ಲ ಹಾಲಲ್ಲ

ಹಿಂದೆ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯಟ್. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾಲ ಬದಲಾಯಿತು. ಈಗ ಗಾಡಿಗೆ ಬರವಿಲ್ಲ, ಪಾಲಿಶಿಗೂ ಬರವಿಲ್ಲ.

ಗಾಡಿ ನೋಡಲು ಬೆಳಿಗ್ಗೆ ಹೋಗುವುದು ಲೇಸು. "ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಎಂದು ಮೊದಲೇ ಹೇಳಿರಬೇಕು. ತಣ್ಣಗಿರುವ ಎಂಜಿನ್ ಸುಳ್ಳು ಹೇಳದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಮೀಟರಿನಲ್ಲಿ 30,000 ಕಿಲೋಮೀಟರ್ ಎಂದಿದ್ದು ಪೆಡಲ್ಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಕಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದರೆ 2021ರ 23ನೇ ವಾರದ ಟೈರು. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತಿದ್ದರೆ ಯಾಕೆ ಬಿಚ್ಚಿದ್ದರೆಂದು ಕೇಳಬೇಕು.

ನೀರು ಕುಡಿದ ಗಾಡಿಯ ವಿಚಾರದಲ್ಲಂತೂ ಹೆಚ್ಚಿನ ಎಚ್ಚರ ಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ಮುಳುಗಿದ್ದನ್ನು ಊರೇ ನೋಡಿತು. 2025ರ ಮೇ ಮಳೆಗೆ ಬಿ.ಟಿ.ಎಂ. ಬಡಾವಣೆಯ ಎರಡನೇ ಹಂತದಲ್ಲೂ ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ನೀರು ನುಗ್ಗಿತ್ತು. ಅಂಥ ಗಾಡಿಗಳು ತೊಳೆದು ಒರೆಸಿ ಮಾರಾಟಕ್ಕೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸ್ಟೆಪ್ನಿ ಎತ್ತಿದರೆ ಅಡಿಯ ತುಕ್ಕು ಕಾಣುತ್ತದೆ. ಸುಗಂಧ ಎಷ್ಟು ಹೊಡೆದಿದ್ದರೂ ಮ್ಯಾಟಿನಡಿಯ ಮುಗ್ಗಲು ವಾಸನೆ ಹೋಗದು.

ಯಾವ ಗಾಡಿ ಒಳ್ಳೆಯದೆಂದು ಕೇಳಿದರೆ, ಮನೆಯವರ ಮೈಗೆ ಒಗ್ಗುವುದೇ ಒಳ್ಳೆಯದು. ಮಂಡಿ ನೋವಿದ್ದವರಿಗೆ ಬಗ್ಗಿ ಕೂರುವ ಕಾರು ಬೇಡ, ಸೀಟು ಸ್ವಲ್ಪ ಎತ್ತರದಲ್ಲಿರಲಿ. 2014ರಲ್ಲಿ ಸೆಲೆರಿಯೋ ಬಂದಂದಿನಿಂದ ಕ್ಲಚ್ ಇಲ್ಲದ ಸಣ್ಣ ಕಾರೂ ಮಧ್ಯಮ ವರ್ಗದ ಕೈಗೆ ಎಟುಕಿದೆ. ಸಂಜೆ ಹೊತ್ತು ಸೌತ್ ಎಂಡ್ ಸರ್ಕಲಿನಲ್ಲಿ ನಿಂತು ನಿಂತು ಹೊರಡಬೇಕಾದ ಹಿರಿಯರ ಎಡಗಾಲಿಗೆ ಅದು ಉಪಕಾರ. 15 ವರ್ಷದ ಸಮೀಪ ಬಂದ ಗಾಡಿ ಮಾತ್ರ ಬೇಡ. ರಿಜಿಸ್ಟ್ರೇಷನ್ ನವೀಕರಣ, ಫಿಟ್‌ನೆಸ್ ಎಂದು ಮುದಿ ವಯಸ್ಸಿನಲ್ಲಿ ಅಪ್ಪ ಆರ್.ಟಿ.ಓ. ಮೆಟ್ಟಿಲು ಹತ್ತಬೇಕಾದೀತು.

ಹೊರಡುವ ಮುಂಚಿನ ವಾರ

ಹಣ ಕೊಡುವ ಮುಂಚೆ ಚಾಸಿ ನಂಬರನ್ನು ಆರ್.ಸಿ. ಜೊತೆ ತಾಳೆ ನೋಡಬೇಕು. ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದು ಗಾಡಿ ನಂಬರು ಹಾಕಿ ನೋಡಿದರೆ ತಿಳಿಯುತ್ತದೆ. ಹಿಂದೆ ಸಾಲವಿದ್ದರೆ ಬ್ಯಾಂಕಿನ ಎನ್.ಓ.ಸಿ. ಮತ್ತು ಫಾರಂ 35 ಕೈಗೆ ಬಂದಿರಬೇಕು. "ಆಮೇಲೆ ಕಳಿಸ್ತೀನಿ" ಎನ್ನುವ ಮಾರಾಟಗಾರ ತಾನೇ ಫಾರಿನ್‌ಗೆ ಹೊರಟವನಾದರೆ, ಆ ಆಮೇಲೆ ಎಂಬುದು ಎಂದು ಬಂದೀತು?

ಇಷ್ಟೂ ಮುಗಿದು ಹೊಸ ಆರ್.ಸಿ. ಮನೆಗೆ ಬರಲು ದಿನ ಹಿಡಿಯುತ್ತದೆ. ಆದ್ದರಿಂದ ಕಾರಿನ ಹುಡುಕಾಟ ಸೂಟ್‌ಕೇಸ್ ತುಂಬುವ ವಾರದಲ್ಲಲ್ಲ, ವೀಸಾಕ್ಕೆ ಅರ್ಜಿ ಹಾಕಿದ ವಾರದಲ್ಲೇ ಶುರುವಾಗಬೇಕು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯಿಂದ ಆಸ್ಪತ್ರೆಯವರೆಗೆ ಹತ್ತು ಸಲ ಓಡಾಡಿದರೆ ಗಾಡಿಯ ಗುಣವೂ ತಿಳಿಯುತ್ತದೆ, ಅಪ್ಪನ ಕೈಗೂ ಪಳಗುತ್ತದೆ. ದೇವನಹಳ್ಳಿಯಿಂದ ವಿಮಾನ ಏರಿದ ಮೇಲೆ ಇಲ್ಲಿ ಗಾಡಿ ಕೆಟ್ಟು ನಿಂತರೆ ತಳ್ಳಲು ಮಗ ಬರಲಾರ. ತಳ್ಳುವ ಪ್ರಮೇಯವೇ ಬಾರದಂತೆ ನೋಡಿ ಹೋಗುವುದಷ್ಟೇ ಆತನ ಕೈಲಿರುವುದು.