ಅಂಗಡಿಯಲ್ಲಿ ಸಿಗದ ಬಿಡಿಭಾಗ

ಬಾಲಿಕೆಯರ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮೋಟಾರು ಕಾರಿನ ವಿಚಾರವೇಕೆಂದು ವಾಚಕರು ಕೇಳಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ನಮ್ಮಲ್ಲಿಗೆ ಬರುವ ಮಕ್ಕಳ ಮನೆಗಳಲ್ಲಿ ಯಂತ್ರವಿಲ್ಲದ ಮನೆಯು ಈಗ ವಿರಳ. ಯಂತ್ರವು ಕೆಟ್ಟಾಗ “ಈ ಭಾಗ ಈಗ ಬರುವುದಿಲ್ಲ” ಎಂಬ ಉತ್ತರವನ್ನು ಕೇಳದವರೂ ವಿರಳವೇ. ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಳೆದ ಜೂನ್ ತಿಂಗಳಲ್ಲಿ ನಾಗಮಂಗಲದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಳು. ತೀರಿಹೋದ ಆಕೆಯ ತಂದೆಯವರು ಅಕ್ಕರೆಯಿಂದ ಇಟ್ಟುಕೊಂಡಿದ್ದ ಸಾನ್ ಸ್ಟಾರ್ಮ್ ಎಂಬ, ಇಬ್ಬರೇ ಕುಳಿತುಕೊಳ್ಳುವ ಸ್ಪೋರ್ಟ್ಸ್ ಕಾರು ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಬೆಂಗಳೂರಿನ ಸಾನ್ ಮೋಟಾರ್ಸ್ ಸಂಸ್ಥೆಯು ೧೯೯೦ರ ದಶಕದ ಕೊನೆಯಲ್ಲಿ ಹೊರತಂದ ಆ ಕಾರಿನ ತಯಾರಿಕೆ ನಿಂತು ಬಹುಕಾಲವಾಯಿತು. ಕಾರು ಕಪ್ಪು ಹೊಗೆಯನ್ನು ಉಗುಳುತ್ತಿತ್ತು; ಕಾದಮೇಲೆ ನಿಲ್ಲಿಸಿದರೆ ಮತ್ತೆ ಹೊರಡುತ್ತಿರಲಿಲ್ಲ. ಇಂಜಿನ್ನಿನ ಶಾಖವನ್ನು ಅಳೆಯುವ ಸೆನ್ಸರು ಕೆಟ್ಟಿದೆ, ಅದು ಎಲ್ಲಿಯೂ ದೊರೆಯದು, ಗುಜರಿಗೆ ಕೊಟ್ಟುಬಿಡಿ ಎಂದು ಮೆಕ್ಯಾನಿಕ್ಕನು ಹೇಳಿದ್ದನು. “ಅಮ್ಮ ಒಪ್ಪಿಬಿಟ್ಟಿದ್ದಾರೆ ಮೇಡಂ, ನನಗೆ ಮಾತ್ರ ಮನಸ್ಸು ಬರುತ್ತಿಲ್ಲ” ಎಂದು ಆಕೆ ಕಣ್ಣೊರಸಿಕೊಂಡಳು.

ಸೆನ್ಸರೆಂದರೇನು? ನಮಗೆ ಕಣ್ಣು, ಚರ್ಮಗಳಿರುವಂತೆ ಇಂಜಿನ್ನಿಗೆ ಇವು ಇಂದ್ರಿಯಗಳು. ಶಾಖವನ್ನು ತಿಳಿಸುವ ಸೆನ್ಸರಿನೊಳಗಿನ ವಸ್ತುವಿನ ವಿದ್ಯುತ್ ರೋಧವು ಬಿಸಿಯೇರಿದಂತೆ ಇಳಿಯುತ್ತದೆ. ಸಾಮಾನ್ಯವಾಗಿ ೨೦ ಡಿಗ್ರಿಯಲ್ಲಿ ಎರಡೂವರೆಯಿಂದ ಮೂರು ಸಾವಿರ ಓಮ್ ಇರುವ ರೋಧವು ೮೦ ಡಿಗ್ರಿಯಲ್ಲಿ ಸುಮಾರು ೩೦೦ ಓಮಿಗೆ ಇಳಿಯುವುದು. ಇದನ್ನು ನೋಡಿಯೇ ಕಾರಿನ ಕಂಪ್ಯೂಟರು ಎಷ್ಟು ಪೆಟ್ರೋಲನ್ನು ಬಿಡಬೇಕೆಂದು ತೀರ್ಮಾನಿಸುತ್ತದೆ. ಸೆನ್ಸರು ಹಳೆಯದಾಗಿ ಅದರ ರೋಧವು ಇರಬೇಕಾದುದಕ್ಕಿಂತ ಹೆಚ್ಚಾದರೆ, ಕಾದ ಇಂಜಿನ್ನನ್ನೂ ತಣ್ಣಗಿದೆಯೆಂದೇ ಎಣಿಸಿ ಪೆಟ್ರೋಲನ್ನು ಅತಿಯಾಗಿ ಬಿಡುತ್ತದೆ. ಕಪ್ಪು ಹೊಗೆಗೆ ಇದೇ ಕಾರಣ.

ಇನ್ನು ಮುಖ್ಯವಾದ ಸಂಗತಿ. ಕಾರನ್ನು ಕಟ್ಟಿದವರು ಸೆನ್ಸರನ್ನು ತಾವೇ ಮಾಡುವುದು ಅಪರೂಪ. ಬಾಷ್ ಮೊದಲಾದ ಬೇರೆ ಸಂಸ್ಥೆಗಳಿಂದ ಅದನ್ನು ಕೊಳ್ಳುತ್ತಾರೆ. ಇಂಜಿನ್ನೂ ಅನೇಕ ವೇಳೆ ಬೇರೊಬ್ಬರದೇ. ಸಾನ್ ಸ್ಟಾರ್ಮಿನಲ್ಲಿರುವುದು ಫ್ರಾನ್ಸಿನ ರೆನೋ ಸಂಸ್ಥೆಯ ೧೧೪೯ ಸಿ.ಸಿ. ಇಂಜಿನ್ನು, ಅದೇ ಇಂಜಿನ್ನು ಯೂರೋಪಿನಲ್ಲಿ ಬಹುಸಂಖ್ಯೆಯಲ್ಲಿ ಓಡಿದ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿಯೂ ಇದ್ದಿತು. ಆದಕಾರಣ ಕಾರಿನ ಹೆಸರು ಹೇಳಿ ಕೇಳಿದರೆ ದೊರೆಯದ ವಸ್ತುವು ಇಂಜಿನ್ನಿನ ಹೆಸರು ಹೇಳಿದರೆ ದೊರೆಯಬಹುದು.

ಬದಲಿ ಸೆನ್ಸರನ್ನು ಆರಿಸುವಾಗ ಮೂರನ್ನು ಹೋಲಿಸಬೇಕು. ಮೊದಲನೆಯದು ಆಕಾರ: ತಿರುಪಿನ ಅಳತೆ, ಒಳಗಿಳಿಯುವ ತುದಿಯ ಉದ್ದ. ಎರಡನೆಯದು ವೈರು ಸೇರುವ ಪ್ಲಗ್ಗು. ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಅದು ನುಡಿಯುವ ಅಂಕಿ. ಈ ಕಾರಣದಿಂದ ಹಳೆಯ ಭಾಗವನ್ನು ಎಂದಿಗೂ ಎಸೆಯಬಾರದು.

ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಪ್ರಯೋಗಶಾಲೆಯಲ್ಲಿ ನೀರನ್ನು ಕಾಯಿಸಿ, ಉಷ್ಣಮಾಪಕವನ್ನೂ ಹಳೆಯ ಸೆನ್ಸರಿನ ತುದಿಯನ್ನೂ ಅದರಲ್ಲಿಳಿಸಿ, ಮಲ್ಟಿಮೀಟರಿನಿಂದ ಅಳೆದರು. ಕೃಷ್ಣರಾಜಪೇಟೆಯ ಇಬ್ಬರು ಬಾಲಿಕೆಯರು ಅಂಕಿಗಳನ್ನು ಬರೆದುಕೊಂಡರು. ೮೦ ಡಿಗ್ರಿಯಲ್ಲಿಯೂ ರೋಧವು ಸಾವಿರ ಓಮನ್ನು ಮೀರಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಮೊದಲನೆಯ ಬದಲಿಗೆ ತಿರುಪೂ ಪ್ಲಗ್ಗೂ ಸರಿಹೊಂದಿದವು, ಅಂಕಿ ಹೊಂದಲಿಲ್ಲ. ಅಳೆಯದೆ ಹಾಕಿದ್ದರೆ ಮೊದಲಿನ ಹೊಗೆಯೇ ಮುಂದುವರಿಯುತ್ತಿತ್ತು. ರೆನೋ ಇಂಜಿನ್ನಿನ ಹೆಸರು ಹೇಳಿ ತರಿಸಿದ ಎರಡನೆಯದು ಪ್ರತಿ ಹಂತದಲ್ಲಿಯೂ ಸರಿಯಾಗಿ ನುಡಿಯಿತು.

ಒಂದು ಎಚ್ಚರಿಕೆ. ಇಂಜಿನ್ನಿನ ತಿರುಗುವಿಕೆಯನ್ನು ತಿಳಿಸುವ ಸೆನ್ಸರುಗಳಲ್ಲಿ ಎರಡು ಜಾತಿಗಳುಂಟು. ಅಯಸ್ಕಾಂತವೂ ತಂತಿಯ ಸುರುಳಿಯೂ ಇರುವುದು ಒಂದು. ಹಾಲ್ ಸೆನ್ಸರೆಂಬುದು ಇನ್ನೊಂದು. ಒಂದರ ಜಾಗದಲ್ಲಿ ಮತ್ತೊಂದು ನಡೆಯದು. ಬ್ರೇಕಿಗೆ ಸಂಬಂಧಿಸಿದ ಭಾಗಗಳಲ್ಲಂತೂ ಇಂಥ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಲೇಬಾರದು; ಬಲ್ಲವರಿಗೇ ಬಿಡತಕ್ಕದ್ದು.

ಆಗಸ್ಟಿನ ಒಂದು ಶನಿವಾರ ಆ ಕಾರು ನಾಗಮಂಗಲದಿಂದ ಪಾಂಡವಪುರದ ಮಾರ್ಗವಾಗಿ ನಮ್ಮ ಶಾಲೆಯ ಬಾಗಿಲಿಗೆ ಬಂದು ನಿಂತಿತು. ಪಕ್ಕದಲ್ಲಿ ಆಕೆಯ ತಾಯಿಯವರಿದ್ದರು. ಮಗಳು ಇಂಜಿನ್ನನ್ನು ನಿಲ್ಲಿಸಿ, ನಮ್ಮೆದುರಿಗೇ ಮತ್ತೆ ಹೊರಡಿಸಿ ತೋರಿಸಿದಳು. ತಾಯಿಯವರು ಏನನ್ನೂ ಹೇಳಲಿಲ್ಲ. ಗಾಡಿಯ ಬಾಗಿಲನ್ನು ಸೆರಗಿನಿಂದ ಒರಸಿದರು.

ಓಮನ ನಿಯಮವು ಪರೀಕ್ಷೆಗಲ್ಲದೆ ಹೆಣ್ಣುಮಕ್ಕಳಿಗೆ ಬೇರೇತಕ್ಕೆ ಎಂದು ಕೇಳುವ ಪೋಷಕರಿಗೆ ನಾವು ಈಗ ಈ ಸಂಗತಿಯನ್ನೇ ಹೇಳುತ್ತೇವೆ. ವಸ್ತುವಿನ ಹೆಸರನ್ನಷ್ಟೇ ಬಲ್ಲವರಿಗೆ ಆ ಹೆಸರು ಅಂಗಡಿಯ ಪಟ್ಟಿಯಿಂದ ಅಳಿದ ದಿನವೇ ದಾರಿ ಮುಚ್ಚುತ್ತದೆ. ಅದರ ಕೆಲಸವನ್ನು ಬಲ್ಲವರು ಅದನ್ನು ಬೇರೆ ಹೆಸರಿನಲ್ಲಿಯೂ ಗುರುತಿಸಬಲ್ಲರು.