ಒಂದು ಅಣೆಕಟ್ಟು, ಇಬ್ಬರು ದೊಡ್ಡಣ್ಣರು

ಎರಡು ಕೋಣಗಳು ಕಾದಾಡಿದರೆ ನಡುವೆ ಸಿಕ್ಕಿದ ಗಿಡಕ್ಕೆ ಸಾವು ಎಂಬ ಮಾತು ಕನ್ನಡದಲ್ಲಿ ಬಹಳ ಹಳೆಯದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನಾಲ್ಕು ದಶಕಗಳ ಕಾಲ ನಡೆಸಿದ ಶೀತಲ ಸಮರಕ್ಕೂ ಈ ಮಾತನ್ನು ಅನ್ವಯಿಸುವುದು ವಾಡಿಕೆ. ಕೊರಿಯಾ, ವಿಯೆಟ್ನಾಂ, ಅಂಗೋಲ, ಅಫಘಾನಿಸ್ತಾನಗಳ ಗತಿಯನ್ನು ನೆನೆದರೆ ಗಾದೆ ಸುಳ್ಳೆನ್ನಲಾಗದು. ಆದರೆ ಕೋಣಗಳ ಹಗೆತನವನ್ನೇ ಬಳಸಿಕೊಂಡು ತಮ್ಮ ಹೊಲವನ್ನು ಹಸನು ಮಾಡಿಕೊಂಡವರೂ ಇದ್ದರು. ಈಜಿಪ್ಟಿನ ಆಸ್ವಾನ್ ಅಣೆಕಟ್ಟಿನ ಕಥೆ ಅಂಥದು. ಆ ಹೊಲಕ್ಕಾಗಿ ಬೆಲೆ ತೆತ್ತವರು ಯಾರು ಎಂಬುದನ್ನೂ ಅದೇ ಕಥೆ ಹೇಳುತ್ತದೆ.

ಈಜಿಪ್ಟ್ ಎಂದರೆ ನೈಲ್ ನದಿ. ದೇಶದ ಬಹುಭಾಗ ಮರಳುಗಾಡು. ಜನ ಬದುಕುವುದು ನದಿಯ ಎರಡು ದಂಡೆಗಳಲ್ಲಿ ಮತ್ತು ಅದು ಸಮುದ್ರ ಸೇರುವ ಮುಖಜ ಭೂಮಿಯಲ್ಲಿ. ಪ್ರವಾಹ ಹೆಚ್ಚಾದರೆ ಊರು ಮುಳುಗುತ್ತಿತ್ತು, ಕಡಿಮೆಯಾದರೆ ಬರ. ಬ್ರಿಟಿಷರು 1902ರಲ್ಲಿ ಆಸ್ವಾನಿನಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟನ್ನು ಎರಡು ಬಾರಿ ಎತ್ತರಿಸಿದರೂ ಬೆಳೆಯುತ್ತಿದ್ದ ಜನಸಂಖ್ಯೆಗೆ ಅದು ಸಾಲದಾಯಿತು. 1952ರಲ್ಲಿ ದೊರೆ ಫಾರೂಕನನ್ನು ಇಳಿಸಿ ಅಧಿಕಾರ ಹಿಡಿದ ಸೈನ್ಯಾಧಿಕಾರಿಗಳಿಗೆ, ಅವರ ನಾಯಕ ಗಮಾಲ್ ಅಬ್ದುಲ್ ನಾಸರ್ ಅವರಿಗೆ, ಹೊಸದೊಂದು ಮಹಾ ಅಣೆಕಟ್ಟು ಸ್ವತಂತ್ರ ರಾಷ್ಟ್ರದ ಗುರುತಾಗಿ ಕಂಡಿತು. ಆದರೆ ಅದಕ್ಕೆ ಬೇಕಾದ ಹಣವಾಗಲಿ, ಯಂತ್ರಗಳಾಗಲಿ ಈಜಿಪ್ಟಿನಲ್ಲಿ ಇರಲಿಲ್ಲ.

ಪಶ್ಚಿಮದ ದೇಶಗಳು ಮೊದಲಿಗೆ ಅಷ್ಟೇನೂ ಅವಸರ ತೋರಲಿಲ್ಲ. ಅವರನ್ನು ಎಚ್ಚರಿಸಿದ್ದು 1955ರ ಸೆಪ್ಟೆಂಬರಿನ ಒಂದು ಪ್ರಕಟಣೆ. ಪಶ್ಚಿಮದಿಂದ ಕೇಳಿದ ಶಸ್ತ್ರಾಸ್ತ್ರ ಸಿಗದ ನಾಸರ್, ಚೆಕೊಸ್ಲೊವಾಕಿಯಾದ ಮೂಲಕ ಸೋವಿಯತ್ ಶಸ್ತ್ರಗಳನ್ನು ಕೊಳ್ಳುವುದಾಗಿ ಸಾರಿದರು. ಮೂರೇ ತಿಂಗಳಲ್ಲಿ, ಡಿಸೆಂಬರಿನಲ್ಲಿ, ಅಮೆರಿಕ 5.6 ಕೋಟಿ ಡಾಲರ್, ಬ್ರಿಟನ್ 1.4 ಕೋಟಿ ಡಾಲರ್ ಕೊಡಲು ಮುಂದೆ ಬಂದವು. ವಿಶ್ವಬ್ಯಾಂಕ್ 20 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಅಣೆಕಟ್ಟಿನ ಅಗತ್ಯ ಮೂರು ತಿಂಗಳಲ್ಲಿ ಹೆಚ್ಚಿರಲಿಲ್ಲ. ಎದುರಾಳಿ ಬಾಗಿಲಿಗೆ ಬಂದಿದ್ದ, ಅಷ್ಟೆ.

ಈ ಕೊಡುಗೆ ಬಹುಕಾಲ ಉಳಿಯಲಿಲ್ಲ. 1956ರ ಮೇ ತಿಂಗಳಲ್ಲಿ ನಾಸರ್ ಕಮ್ಯುನಿಸ್ಟ್ ಚೀನಕ್ಕೆ ಮಾನ್ಯತೆ ಕೊಟ್ಟರು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲೆಸ್ ಕೆರಳಿದರು. ಈಜಿಪ್ಟಿನ ಹತ್ತಿ ತಮ್ಮ ಹತ್ತಿಗೆ ಪೈಪೋಟಿಯಾದೀತೆಂದು ಅಮೆರಿಕದ ದಕ್ಷಿಣ ರಾಜ್ಯಗಳ ಸೆನೆಟರುಗಳು ಮೊದಲೇ ವಿರೋಧಿಸುತ್ತಿದ್ದರು. ಇಸ್ರೇಲಿನ ಬೆಂಬಲಿಗರೂ ಅವರ ಜೊತೆಗಿದ್ದರು. ಜುಲೈ 19ರಂದು ಡಲೆಸ್ ನೆರವನ್ನು ಹಿಂತೆಗೆದುಕೊಂಡರು. ಆ ದಿನಗಳಲ್ಲಿ ನಾಸರ್ ಯುಗೊಸ್ಲಾವಿಯಾದ ಬ್ರಿಯೋನಿ ದ್ವೀಪದಲ್ಲಿ ಟಿಟೊ ಮತ್ತು ನೆಹರೂ ಅವರೊಂದಿಗೆ ಮಾತುಕತೆ ಮುಗಿಸಿ, ನೆಹರೂ ಜೊತೆಯಲ್ಲೇ ಕೈರೋಗೆ ಮರಳುತ್ತಿದ್ದರು.

ಒಂದು ವಾರದ ಬಳಿಕ, ಜುಲೈ 26ರಂದು, ಅಲೆಕ್ಸಾಂಡ್ರಿಯಾದ ಭಾರಿ ಸಭೆಯಲ್ಲಿ ನಾಸರ್ ತಮ್ಮ ಉತ್ತರ ಕೊಟ್ಟರು: ಸೂಯೆಜ್ ಕಾಲುವೆಯ ರಾಷ್ಟ್ರೀಕರಣ. ಕಾಲುವೆಯ ಸುಂಕದಿಂದಲೇ ಅಣೆಕಟ್ಟು ಕಟ್ಟುವುದಾಗಿ ಘೋಷಿಸಿದರು. ಅಕ್ಟೋಬರ್ ಕೊನೆಯಲ್ಲಿ ಇಸ್ರೇಲ್, ಅದರ ಬೆನ್ನಿಗೇ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ದಾಳಿ ಮಾಡಿದವು. ವಿಚಿತ್ರವೆಂದರೆ, ದಾಳಿಯನ್ನು ನಿಲ್ಲಿಸುವಂತೆ ಮಾಸ್ಕೊ ಬೆದರಿಸಿದರೆ, ವಾಷಿಂಗ್ಟನ್ ತನ್ನ ಮಿತ್ರರ ಕೈ ತಿರುಚಿತು. ಬ್ರಿಟನ್, ಫ್ರಾನ್ಸ್‌ಗಳ ಪರ ನಿಂತರೆ ಏಷ್ಯಾ, ಆಫ್ರಿಕಾದ ಹೊಸ ರಾಷ್ಟ್ರಗಳೆಲ್ಲ ಸೋವಿಯತ್ ಕಡೆ ವಾಲಿಯಾವೆಂಬ ಭಯ ಅಮೆರಿಕಕ್ಕಿತ್ತು. ಆ ವರ್ಷ ಮುಗಿಯುವ ಮೊದಲೇ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಜಾಗ ಖಾಲಿ ಮಾಡಿದರು. ಸೈನ್ಯ ಸೋತಿದ್ದರೂ ಕಾಲುವೆ ನಾಸರ್ ಕೈಯಲ್ಲೇ ಉಳಿಯಿತು.

1958ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಅಣೆಕಟ್ಟಿನ ಮೊದಲ ಹಂತಕ್ಕೆ 40 ಕೋಟಿ ರೂಬಲ್ ಸಾಲ ಕೊಡಲು ಒಪ್ಪಿತು. 1960ರ ಜನವರಿಯಲ್ಲಿ ಕೆಲಸ ಆರಂಭವಾಯಿತು. 1964ರ ಮೇ ತಿಂಗಳಲ್ಲಿ ನೈಲ್ ನದಿಯ ಪಾತ್ರ ತಿರುಗಿಸಿದಾಗ ಕ್ರುಶ್ಚೇವ್ ಸ್ವತಃ ಬಂದು ನಾಸರ್ ಪಕ್ಕದಲ್ಲಿ ನಿಂತರು. 1970ರಲ್ಲಿ 111 ಮೀಟರ್ ಎತ್ತರದ ಅಣೆಕಟ್ಟು ಪೂರ್ಣವಾಯಿತು. ಇಷ್ಟಾಗಿ ಸಾಲ ಪಡೆದವರು ಸಾಲಗಾರನ ಮತಕ್ಕೆ ಸೇರಿದರೆ? ಇಲ್ಲ. ಒಪ್ಪಂದಕ್ಕೆ ಸಹಿ ಬಿದ್ದ ಬೆನ್ನಲ್ಲೇ, 1959ರ ಆರಂಭದಿಂದ, ನಾಸರ್ ಈಜಿಪ್ಟಿನ ಕಮ್ಯುನಿಸ್ಟರನ್ನು ಸೆರೆಮನೆಗೆ ತಳ್ಳಿದರು. ಸೋವಿಯತ್ ಎಂಜಿನಿಯರುಗಳು ಆಸ್ವಾನಿನಲ್ಲಿ ಬಂಡೆ ಸಿಡಿಸುತ್ತಿದ್ದ ವರ್ಷಗಳಲ್ಲೇ ಈಜಿಪ್ಟಿನ ಪಟ್ಟಣಗಳಿಗೆ ಪಿ.ಎಲ್. 480ರ ಅಮೆರಿಕನ್ ಗೋಧಿ ಬರುತ್ತಿತ್ತು.

ಭಾರತದ ಓದುಗರಿಗೆ ಇದು ಅಪರಿಚಿತವಲ್ಲ. 1950ರ ದಶಕದಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಗೆ ಸೋವಿಯತ್ ಒಕ್ಕೂಟ, ರೂರ್ಕೆಲಾಕ್ಕೆ ಪಶ್ಚಿಮ ಜರ್ಮನಿ, ದುರ್ಗಾಪುರಕ್ಕೆ ಬ್ರಿಟನ್ ನೆರವಾದವು. ಬೊಕಾರೊಗೆ ಅಮೆರಿಕದ ನೆರವು ಕೇಳಿದಾಗ ಅಧ್ಯಕ್ಷ ಕೆನಡಿ ಒಲವು ತೋರಿದರೂ, ಸರ್ಕಾರಿ ಒಡೆತನದ ಕಾರ್ಖಾನೆಗೆ ಹಣ ಕೊಡಲು ಅಲ್ಲಿನ ಸಂಸತ್ತು ಒಪ್ಪಲಿಲ್ಲ. 1963ರಲ್ಲಿ ಭಾರತ ಕೋರಿಕೆಯನ್ನು ಹಿಂದಕ್ಕೆ ಪಡೆಯಿತು. ಆ ಜಾಗಕ್ಕೂ ಸೋವಿಯತ್ ನೆರವೇ ಬಂತು. ಅಲಿಪ್ತ ನೀತಿ ಎಂದರೆ ಯಾರ ಕಡೆಗೂ ಸೇರದೆ ಕೈಕಟ್ಟಿ ಕೂರುವುದು ಮಾತ್ರ ಆಗಿರಲಿಲ್ಲ. ಇಬ್ಬರು ವ್ಯಾಪಾರಿಗಳಿರುವ ಸಂತೆಯಲ್ಲಿ ಚೌಕಾಸಿ ಮಾಡುವ ಸ್ವಾತಂತ್ರ್ಯವೂ ಅದರಲ್ಲಿತ್ತು.

ಆದರೆ ಈ ಚೌಕಾಸಿ ನಡೆದಲ್ಲಿ ಒಬ್ಬರಿಗೆ ಜಾಗವೇ ಇರಲಿಲ್ಲ. ಅಣೆಕಟ್ಟಿನ ಹಿಂದೆ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ನಿಂತ ನೀರು ನೂಬಿಯಾ ಎಂಬ ಪ್ರಾಚೀನ ಸೀಮೆಯನ್ನು ನುಂಗಿತು. ಈಜಿಪ್ಟ್ ಮತ್ತು ಸುಡಾನಿನಲ್ಲಿ ಸೇರಿ ಸುಮಾರು ಒಂದು ಲಕ್ಷ ನೂಬಿಯನ್ನರು ಖರ್ಜೂರದ ತೋಟ, ಮನೆ, ಹಿರಿಯರ ಗೋರಿಗಳನ್ನು ಬಿಟ್ಟು ಹೊರಟರು. ಅವರಲ್ಲಿ ಅನೇಕರನ್ನು ನೆಲೆಗೊಳಿಸಿದ ಕೋಮ್ ಒಂಬೊ ಪ್ರದೇಶದ ಕಾಲನಿಗಳು ನದಿಯಿಂದ ದೂರವಿದ್ದವು. ಅದೇ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರನ್ನು ಬಲ್ಲ ಕನ್ನಡಿಗರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಲ್ಲಿನ ದೇವರುಗಳಿಗೆ ಮಾತ್ರ ಲೋಕವೆಲ್ಲ ಮಿಡಿಯಿತು. 1960ರಲ್ಲಿ ಯುನೆಸ್ಕೊ ಕೊಟ್ಟ ಕರೆಗೆ ಅನೇಕ ದೇಶಗಳು ಓಗೊಟ್ಟವು. ಅಬು ಸಿಂಬೆಲ್ ದೇವಾಲಯಗಳನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು 1968ರ ಹೊತ್ತಿಗೆ ಸುಮಾರು 65 ಮೀಟರ್ ಎತ್ತರದ ಜಾಗದಲ್ಲಿ ಮತ್ತೆ ಜೋಡಿಸಲಾಯಿತು. ಅಣೆಕಟ್ಟಿಗೆ ಹಣ ಕೊಡದ ಅಮೆರಿಕ ಇದಕ್ಕೆ ಧಾರಾಳವಾಗಿ ಕೊಟ್ಟಿತು. ಕೃತಜ್ಞತೆಯ ಕಾಣಿಕೆಯಾಗಿ ಪಡೆದ ಡೆಂಡೂರ್ ದೇವಾಲಯ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಗುಡಿಗಳಿಗೆ ಸಿಕ್ಕ ಈ ಕಾಳಜಿಯ ಒಂದು ಪಾಲು ನೂಬಿಯನ್ನರಿಗೂ ಸಿಕ್ಕಿದ್ದರೆ ಅವರ ಮಕ್ಕಳು, ಮೊಮ್ಮಕ್ಕಳು ಮರಳಿ ನೆಲೆಸುವ ಹಕ್ಕನ್ನು ಇಂದಿಗೂ ಕೇಳಬೇಕಾಗುತ್ತಿರಲಿಲ್ಲ.

ಅಣೆಕಟ್ಟಿನಿಂದ ಲಾಭವಾಗಲಿಲ್ಲ ಎಂದಲ್ಲ. 2,100 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರ ಬಂತು. 1980ರ ದಶಕದಲ್ಲಿ ಇಥಿಯೋಪಿಯಾ ಬರದಿಂದ ತತ್ತರಿಸಿದಾಗ ಈಜಿಪ್ಟ್ ಪಾರಾಯಿತು. ಹಾಗೆಯೇ ಹೊಲಗಳಿಗೆ ಪ್ರತಿವರ್ಷ ಬರುತ್ತಿದ್ದ ಫಲವತ್ತಾದ ಮೆಕ್ಕಲು ಮಣ್ಣು ನಿಂತು, ರೈತ ರಸಗೊಬ್ಬರಕ್ಕೆ ಕೈಚಾಚಬೇಕಾಯಿತು.

ಸೋವಿಯತ್ ಒಕ್ಕೂಟಕ್ಕೆ ದಕ್ಕಿದ್ದೇನು? 1972ರಲ್ಲಿ ಅಧ್ಯಕ್ಷ ಸಾದತ್ ಸಾವಿರಾರು ಸೋವಿಯತ್ ಸೈನಿಕ ಸಲಹೆಗಾರರನ್ನು ಹೊರಗೆ ಕಳಿಸಿದರು. ಆ ದಶಕ ಮುಗಿಯುವುದರೊಳಗೆ ಈಜಿಪ್ಟ್ ಅಮೆರಿಕದ ಪಾಳೆಯಕ್ಕೆ ಬಂದಿತ್ತು. ಮುಂದೆ ಸೋವಿಯತ್ ಟರ್ಬೈನುಗಳ ತಿರುಗುಚಕ್ರಗಳಲ್ಲಿ ಬಿರುಕು ಕಂಡಾಗ ಅವುಗಳನ್ನು ಬದಲಿಸಿದ್ದು ಅಮೆರಿಕದ ನೆರವಿನಿಂದ. ನೆರವಿನಿಂದ ಅಣೆಕಟ್ಟು ಕಟ್ಟಬಹುದು, ನಿಷ್ಠೆಯನ್ನು ಕೊಳ್ಳಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸೋವಿಯತ್ ಒಕ್ಕೂಟ 1991ರಲ್ಲಿ ಅಳಿಯಿತು. ಇಂದು ಬಡರಾಷ್ಟ್ರಗಳ ಬಾಗಿಲಿಗೆ ಬಂದರು, ರೈಲುಮಾರ್ಗಗಳ ಸಾಲಪತ್ರ ಹಿಡಿದು ಬರುವ ಮುಖ್ಯ ಪೈಪೋಟಿಗಾರ ಚೀನ. ಸಂತೆಯಲ್ಲಿ ಮತ್ತೆ ಇಬ್ಬರು ವ್ಯಾಪಾರಿಗಳಿದ್ದಾರೆ. ಚೌಕಾಸಿಗೆ ಮತ್ತೆ ಅವಕಾಶವಿದೆ. ಯಾರಿಂದ ಎಷ್ಟು ಸಿಕ್ಕಿತು ಎಂಬ ಲೆಕ್ಕವನ್ನು ಸರ್ಕಾರಗಳು ಹೇಗೂ ಇಡುತ್ತವೆ. ಯಾರ ನೆಲ ಮುಳುಗುತ್ತದೆ, ಅವರನ್ನು ಯಾರಾದರೂ ಕೇಳಿದರೆ ಎಂಬ ಇನ್ನೊಂದು ಲೆಕ್ಕವನ್ನು ಇಡಬೇಕಾದವರು ಜನರೇ.