ಒಗರು ಇಳಿದ ಕೆಂಪು

ಸ್ಪೇನಿನ ಉತ್ತರಭಾಗದಲ್ಲಿ, ಎಬ್ರೊ ನದಿಯ ಕಣಿವೆಯಲ್ಲಿ ರಿಯೋಹಾ ಸೀಮೆಯಿದೆ. 1964ರ ಫಸಲೆಂದರೆ ಅಲ್ಲಿನ ವೈನ್ ಮಂದಿಗೆ ಇವತ್ತಿಗೂ ಅಭಿಮಾನ. ಆ ವರ್ಷದ ಒಳ್ಳೆಯ ಕೆಂಪು ವೈನನ್ನು ಲೋಟಕ್ಕೆ ಬಗ್ಗಿಸಿದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಎಳೆತನದ ನೇರಳೆ ಎಂದೋ ಹೋಗಿದೆ. ನಡುವೆ ಇಟ್ಟಿಗೆಗೆಂಪು, ಅಂಚಿನಲ್ಲಿ ಕಂದು. ಮೂಗಿಗೆ ತಾಜಾ ಹಣ್ಣಿನ ಬದಲು ಒಣಹಣ್ಣು, ತೊಗಲು, ತಂಬಾಕು, ಒದ್ದೆ ತರಗೆಲೆ. ನಾಲಿಗೆಯಲ್ಲಿ ಹುಳಿ ಇನ್ನೂ ಚುರುಕಾಗಿದೆ. ಒಗರು ಮಾತ್ರ ಬಹುಪಾಲು ಇಳಿದಿದೆ.

ಒಗರನ್ನು ನಾವು ರುಚಿಗಳ ಸಾಲಿಗೆ ಸೇರಿಸುತ್ತೇವಾದರೂ ಅದು ಬಹುಮಟ್ಟಿಗೆ ಸ್ಪರ್ಶ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟಿಸುತ್ತದೆ. ಜಾರುಗುಣ ಕಳೆದುಕೊಂಡ ಬಾಯಿ ಒರಟಾಗುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್, ಬಣ್ಣ ಕೊಡುವ ಆಂಥೋಸಯನಿನ್ ಜೊತೆ ಸರಪಳಿ ಕಟ್ಟಿಕೊಳ್ಳುತ್ತದೆ. ತೀರಾ ದೊಡ್ಡದಾದ ಸರಪಳಿಗಳು ಗಷ್ಟಾಗಿ ಬಾಟಲಿಯ ತಳ ಸೇರುತ್ತವೆ. ಒಗರು ಇಳಿಯಲು ಇಷ್ಟೇ ಕಾರಣವೆಂದು ಬಹುಕಾಲ ಹೇಳಿಕೊಂಡು ಬಂದರು. ಆದರೆ ವೈನಿನ ಆಮ್ಲ ಅದೇ ಸರಪಳಿಗಳನ್ನು ತುಂಡರಿಸುತ್ತಲೂ ಇರುತ್ತದೆ, ತುಂಡುಗಳು ಬೇರೊಂದು ರೀತಿಯಲ್ಲಿ ಮತ್ತೆ ಕೂಡುತ್ತವೆ. ಹೀಗೆ ಮರುಜೋಡಣೆಯಾದ ಅಣುಗಳಿಗೆ ಜೊಲ್ಲಿನ ಮೇಲೆ ಮೊದಲಿನ ಹಿಡಿತವಿಲ್ಲ.

ಈ ಕೂಡಾಟಕ್ಕೆ ಆಮ್ಲಜನಕ ಬೇಕು, ಆದರೆ ತೀರಾ ತುಸುವೇ. ಹೆಚ್ಚಾದರೆ ಬ್ಯಾಕ್ಟೀರಿಯಾ ನುಗ್ಗಿ ವೈನು ವಿನೆಗರ್ ಆದೀತು. ಹಳೆಯ ರಿಯೋಹಾ ಪದ್ಧತಿಯ ಜಾಣ್ಮೆಯೆಲ್ಲ ಈ ಅಳತೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದಾಗ ಬೋರ್ದೊದ ವ್ಯಾಪಾರಿಗಳು ಇಲ್ಲಿನ ಆರೊ ಪಟ್ಟಣಕ್ಕೆ ಬಂದರು. ರೈಲು ನಿಲ್ದಾಣದ ಸುತ್ತಲೇ ವೈನ್ ಮನೆಗಳು ಎದ್ದವು. 1877ರಲ್ಲಿ ಶುರುವಾದ ಲೋಪೆಸ್ ದೆ ಎರೆದಿಯಾ ಅವುಗಳಲ್ಲೊಂದು. 225 ಲೀಟರಿನ ಪೀಪಾಯಿ ಬೋರ್ದೊದಿಂದ ಕಲಿತದ್ದು; ಮರ ಮಾತ್ರ ಅಮೆರಿಕದ ಓಕ್. ಆ ಮರದಲ್ಲಿರುವ ಲ್ಯಾಕ್ಟೋನಿನಿಂದಲೇ ರಿಯೋಹಾದ ವೈನಿಗೆ ಕೊಬ್ಬರಿಯ ನವಿರು ವಾಸನೆ. ತೆಂಗಿನಕಾಯಿಯ ಪರಿಮಳವೂ ಇದೇ ಕುಟುಂಬದ ಅಣುಗಳದ್ದು.

ಬಹುಕಾಲ ಮಾಗಿದ ರಿಯೋಹಾ ವೈನಿಗೆ ಕೊಡುವ ಗ್ರಾನ್ ರೆಸೆರ್ವಾ ಎಂಬ ದರ್ಜೆ ಪಡೆಯಲು ಈಗಿನ ನಿಯಮದಂತೆ ಐದು ವರ್ಷ ಮಾಗಬೇಕು, ಅದರಲ್ಲಿ ಎರಡು ವರ್ಷವಾದರೂ ಮರದಲ್ಲಿ. ಲೋಪೆಸ್ ದೆ ಎರೆದಿಯಾದ ವಿನ್ಯಾ ತೊಂದೋನಿಯಾ ಗ್ರಾನ್ ರೆಸೆರ್ವಾ ಪೀಪಾಯಿಯಲ್ಲೇ ಹತ್ತು ವರ್ಷದ ಹತ್ತಿರ ಕಳೆಯುತ್ತದೆ. ಪೀಪಾಯಿಗಳು ಹಳೆಯವು, ಹಾಗಾಗಿ ಮರದ ವಾಸನೆ ಮೇಲುಗೈ ಪಡೆಯುವುದಿಲ್ಲ. ಆಗಾಗ ಗಷ್ಟು ಬಿಟ್ಟು ಮೇಲಿನ ತಿಳಿಯನ್ನು ಬೇರೆ ಪೀಪಾಯಿಗೆ ಬಗ್ಗಿಸುತ್ತಾರೆ. ಆ ಹೊತ್ತಿನಲ್ಲಿ ಗಾಳಿಯೂ ಒಂದಿಷ್ಟು ಸೇರುತ್ತದೆ. ಕೊನೆಗೆ ಮೊಟ್ಟೆಯ ಬಿಳಿ ಕದಡಿ ವೈನನ್ನು ತಿಳಿಗೊಳಿಸುತ್ತಾರೆ. ಜೊಲ್ಲು ಬಾಯಲ್ಲಿ ಮಾಡುವ ಕೆಲಸವನ್ನೇ ಮೊಟ್ಟೆಯ ಪ್ರೋಟೀನು ಪೀಪಾಯಿಯಲ್ಲಿ ಮುಂಚಿತವಾಗಿ ಮಾಡಿಬಿಡುತ್ತದೆ: ಒರಟು ಟ್ಯಾನಿನನ್ನು ಹಿಡಿದು ತಳಕ್ಕೆ ಎಳೆಯುತ್ತದೆ. ಪ್ರಯೋಗಾಲಯವಿಲ್ಲದ ಕಾಲದವರು ಇದನ್ನು ಹೇಗೆ ಕಂಡುಕೊಂಡರೋ!

ಹುಳಿಯ ಕತೆ ಚಿಕ್ಕದು. ಮುಖ್ಯ ತಳಿಯಾದ ಟೆಂಪ್ರನಿಯೊದಲ್ಲಿ ಹುಳಿ ಕಡಿಮೆ, ಅದಕ್ಕೇ ಗ್ರಾಸಿಯಾನೊ, ಮಸುವೆಲೊ ಬೆರೆಸುತ್ತಾರೆ. ವೈನಿನ ಪ್ರಧಾನ ಆಮ್ಲ ಟಾರ್ಟಾರಿಕ್. ನಮ್ಮ ಹುಣಸೆಯ ಹುಳಿಯೂ ಅದೇ. ಅದು ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ, ಕೆಂಪನ್ನು ಕಾಪಾಡುತ್ತದೆ. ಬಣ್ಣ, ಹಣ್ಣಿನ ಕಂಪು ಕರಗಿದ ಮೇಲೂ ಅದು ಅಷ್ಟಾಗಿ ಕುಂದುವುದಿಲ್ಲ.

ಹಾಗೆಂದು ಹಳತೆಲ್ಲ ಒಳ್ಳೆಯದಲ್ಲ. ಜಗತ್ತಿನ ಬಹುಪಾಲು ವೈನು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದದ್ದು. ಇಟ್ಟರೆ ಸಪ್ಪೆಯಾಗುತ್ತದೆ, ಅಷ್ಟೇ. ತಾಳಿಕೊಂಡ ವೈನಿನಲ್ಲೂ ಬಾಟಲಿಯಿಂದ ಬಾಟಲಿಗೆ ವ್ಯತ್ಯಾಸವಿದೆ. ಬಿರಡೆ ಮರದ ತೊಗಟೆಯಿಂದ ಮಾಡಿದ್ದು, ಒಂದರಂತೆ ಇನ್ನೊಂದು ಗಾಳಿ ಬಿಡುವುದಿಲ್ಲ. ತೆರೆದ ಕೂಡಲೇ ಮುಗ್ಗಲು ವಾಸನೆ ಬಂದರೆ ಸ್ವಲ್ಪ ಕಾಯಬೇಕು, ಹಲವು ಸಲ ಅದು ಚದುರಿ ಕಂಪು ಬಿಚ್ಚಿಕೊಳ್ಳುತ್ತದೆ. ಅತಿಯಾಗಿ ಕಾದರೆ ಅಳಿದುಳಿದ ನವಿರು ಪರಿಮಳವೂ ಹಾರಿಹೋಗುತ್ತದೆ. ಎಳೆಯ ವೈನಿಗೆ ಧಾರಾಳವಾಗಿ ಕೊಡುವ ಗಾಳಿಯನ್ನು ಇಷ್ಟು ಹಳೆಯದಕ್ಕೆ ಕೊಡುವಾಗ ಬಲ್ಲವರು ಜಿಪುಣರಾಗುತ್ತಾರೆ.